ಸುಣ್ಣದ ಗಾರೆಯ ದುರಸ್ತಿ

ಫರಂಗಿಪೇಟೆಯಲ್ಲಿಯೂ ನೇತ್ರಾವತಿಯ ದಡದ ಇತರ ಪೇಟೆಗಳಲ್ಲಿಯೂ ಹಳೆಯ ಮನೆಗಳ ಗಾರೆಯನ್ನು ಕೆತ್ತಿ ಸಿಮೆಂಟು ಮೆತ್ತುವ ರೂಢಿಯು ಹಬ್ಬಿದೆ. ಭದ್ರತೆಗೆಂದು ಮಾಡುವ ಈ ವೆಚ್ಚವು ಗೋಡೆಗೇ ಮುಳುವಾಗುತ್ತಿದೆಯೆಂದು ನಾವು ಹೇಳಬೇಕಾಗಿದೆ. ನಮ್ಮ ಮುರಕಲ್ಲು ಸಚ್ಛಿದ್ರವಾದುದು; ನೆಲದ ತೇವವನ್ನು ಹೀರುವುದು ಅದರ ಸ್ವಭಾವ. ಸುಣ್ಣದ ಗಾರೆಯು ಆ ತೇವವನ್ನು ಹೊರಕ್ಕೆ ಬಿಟ್ಟುಕೊಡುತ್ತದೆ. ಸಿಮೆಂಟು ಒಳಗೇ ತಡೆದಿಡುತ್ತದೆ. ತೇವದೊಡನೆ ಬಂದ ಲವಣವು ಕಲ್ಲಿನ ಮೈಯಲ್ಲಿ ಹರಳುಗಟ್ಟಿ ಅದನ್ನು ಪುಡಿಮಾಡಲು, ಸಿಮೆಂಟು ಚಕ್ಕೆಚಕ್ಕೆಯಾಗಿ ಕಲ್ಲಿನ ಪುಡಿಯೊಡನೆಯೇ ಕಳಚಿ ಬೀಳುತ್ತದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಸೀಮೆಯಲ್ಲಿ ಇದು ಅಲ್ಪದ ಮಾತಲ್ಲ.

ಸಿಮೆಂಟಿನ ಮೇಲೆ ನಮಗೆ ಹಗೆಯಿಲ್ಲ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಪೇಟೆಂಟು ಪಡೆದ ಆ ವಸ್ತುವನ್ನು ಇಂದು ನಮ್ಮ ದೇಶವೇ ಯಥೇಷ್ಟವಾಗಿ ತಯಾರಿಸುತ್ತಿದೆ. ಹೊಸ ಕಟ್ಟಡಕ್ಕೆ ಅದಿರಲಿ. ಆದರೆ ಹೊಳೆಯ ಚಿಪ್ಪನ್ನು ಸುಟ್ಟು ಸುಣ್ಣಮಾಡಿ, ಮರಳು ಬೆರೆಸಿ ಅರೆದು, ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಹದವರಿತು ಕೂಡಿಸಬಲ್ಲ ಕೈಗಳು ಈಗ ವಿರಳ. ವಾರಗಟ್ಟಲೆ ಕಾಯಬೇಕಾದ ಕೆಲಸಕ್ಕೆ ಮನೆಯೊಡೆಯರಲ್ಲಿ ತಾಳ್ಮೆಯಿಲ್ಲ. ಕರೆಯುವವರೇ ಇಲ್ಲದಿರುವಾಗ ಕಸಬುದಾರನಾದರೂ ಮಗನಿಗೆ ಏನನ್ನು ಕಲಿಸಿಯಾನು? ಸರಕಾರದ ಇಂಜಿನಿಯರರು ಹಳೆಯ ಕಚೇರಿ, ಶಾಲೆಗಳ ದುರಸ್ತಿಯ ಅಂದಾಜುಪಟ್ಟಿಯಲ್ಲಿ ಸುಣ್ಣದ ಗಾರೆಯನ್ನೇ ಬರೆಯಲಿ. ಕೈಗಾರಿಕಾ ತರಬೇತಿ ಸಂಸ್ಥೆಗಳು ಉಳಿದಿರುವ ಗಾರೆಯವರನ್ನು ಗುರುಗಳನ್ನಾಗಿ ಕರೆಯಲಿ. ಬರುವ ಮಳೆಗಾಲಕ್ಕೆ ಮೊದಲೇ ಕರೆಯಲಿ.