ಮತ್ಸ್ಯನ್ಯಾಯ ಮತ್ತು ನಮ್ಮ ಊಟದ ತಟ್ಟೆ

ಬಲಿಷ್ಠನು ದುರ್ಬಲನನ್ನು ನುಂಗಿ ಬದುಕುವ ಅರಾಜಕ ಸ್ಥಿತಿಯನ್ನು ನಮ್ಮ ಪೂರ್ವಿಕರು ಮತ್ಸ್ಯನ್ಯಾಯವೆಂದು ಕರೆದರು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದು ಪ್ರಕೃತಿಯ ನಿಯಮವೇ ಸರಿ. ಆದರೆ ನುಂಗಿದ ಪ್ರತಿಯೊಂದು ಸಣ್ಣ ಮೀನಿನೊಡನೆ ಅದರ ಮೈಯಲ್ಲಿದ್ದ ವಿಷವನ್ನೂ ದೊಡ್ಡ ಮೀನು ತನ್ನಲ್ಲಿ ಕೂಡಿಡುತ್ತದೆ ಎಂಬುದನ್ನು ಇಪ್ಪತ್ತನೆಯ ಶತಮಾನದ ವಿಜ್ಞಾನ ನಮಗೆ ತಿಳಿಸಿಕೊಟ್ಟಿತು. ಈ ಸರಪಳಿಯ ತುದಿಯಲ್ಲಿ, ದೊಡ್ಡ ಮೀನನ್ನೂ ನುಂಗುವ ಜಾಗದಲ್ಲಿ, ಮನುಷ್ಯನಿದ್ದಾನೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳದು ತೆಂಗಿನ ಸೀಮೆ. ಇಲ್ಲಿನ ಮಾತೆಲ್ಲ ಕೊಬ್ಬರಿಯ ಧಾರಣೆ, ನುಸಿಪೀಡೆ, ಹೇಮಾವತಿ ನಾಲೆಯ ನೀರು ಇವುಗಳ ಸುತ್ತಲೇ ಇರುತ್ತದೆ. ಕಡಲಿನಿಂದ ಇಷ್ಟು ದೂರವಿರುವ ನಮಗೆ ಮೀನಿನ ವಿಷದ ಚಿಂತೆ ಏಕೆ ಎಂದು ಓದುಗರು ಕೇಳಬಹುದು. ಕಾರಣ ಎರಡಿವೆ. ಮಂಜುಗಡ್ಡೆ ತುಂಬಿದ ಪೆಟ್ಟಿಗೆಗಳಲ್ಲಿ ಕರಾವಳಿಯ ಮೀನು ಇಂದು ಘಟ್ಟ ಹತ್ತಿ ನಮ್ಮ ಪೇಟೆಗಳನ್ನು ತಲುಪುತ್ತಿದೆ. ಬೀಗರೂಟಕ್ಕೆ ದೊಡ್ಡ ಅಂಜಲ್ ತಂದರೆ ಅದೊಂದು ಪ್ರತಿಷ್ಠೆಯೂ ಆಗಿದೆ. ಇದಲ್ಲದೆ ನಮ್ಮ ಕೆರೆಗಳೂ ವರ್ಷವರ್ಷ ಹರಾಜಾಗಿ ಮೀನು ಕೊಡುತ್ತಿವೆ. ಆ ಕೆರೆಗಳಿಗೆ ಏನೇನು ಹರಿದು ಬರುತ್ತಿದೆ ಎಂಬುದನ್ನು ನಾವೆಲ್ಲರೂ ಕಣ್ಣಾರೆ ಕಂಡವರೇ.

ಭಾರಲೋಹಗಳಲ್ಲೆಲ್ಲ ಪಾದರಸದ ನಡತೆ ವಿಶಿಷ್ಟವಾದುದು. ಕಲ್ಲಿದ್ದಲು ಉರಿದಾಗ ಅದು ಹೊಗೆಯೊಡನೆ ಮೇಲೇರಿ, ಬಹುದೂರ ಸಾಗಿ, ಮಳೆಯೊಡನೆ ಕೆರೆ-ಕಡಲುಗಳಿಗೆ ಇಳಿಯುತ್ತದೆ. ಗಾಳಿಯಾಡದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವೆಂಬ ಇನ್ನೂ ಘೋರವಾದ ರೂಪಕ್ಕೆ ತಿರುಗಿಸುತ್ತವೆ. ಪಾಚಿ ಅದನ್ನು ಹೀರುತ್ತದೆ, ಪಾಚಿಯನ್ನು ಸೂಕ್ಷ್ಮ ಜಲಚರಗಳು ತಿನ್ನುತ್ತವೆ, ಅವನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡದು. ತಿಂದದ್ದು ಜೀರ್ಣವಾಗಿ ಹೋಗುತ್ತದೆ, ವಿಷ ಮಾತ್ರ ಉಳಿಯುತ್ತದೆ. ಹೀಗೆ ಮೆಟ್ಟಿಲೇರುತ್ತಾ ಬೇಟೆಗಾರ ಮೀನಿನ ಮಾಂಸವನ್ನು ಸೇರುವ ಹೊತ್ತಿಗೆ ಅದರ ಸಾಂದ್ರತೆ ನೀರಿನಲ್ಲಿದ್ದುದಕ್ಕಿಂತ ಹತ್ತು ಲಕ್ಷ ಪಟ್ಟು ಹೆಚ್ಚಿರಬಹುದು. ಅದು ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುವುದರಿಂದ ತೊಳೆದರೂ, ಹುಣಸೆಹುಳಿ-ಅರಿಶಿನದಲ್ಲಿ ನೆನೆಸಿದರೂ, ಎಣ್ಣೆಯಲ್ಲಿ ಕರಿದರೂ ಹೋಗುವಂಥದಲ್ಲ.

ಜಗತ್ತು ಈ ಪಾಠವನ್ನು ಕಲಿತದ್ದು ಜಪಾನಿನ ಮಿನಮಾಟಾ ಎಂಬ ಊರಿನಿಂದ. ಅಲ್ಲಿನ ರಾಸಾಯನಿಕ ಕಾರ್ಖಾನೆ ಕೊಲ್ಲಿಗೆ ಬಿಟ್ಟ ತ್ಯಾಜ್ಯದಲ್ಲಿ ಪಾದರಸವಿತ್ತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು, ಆಮೇಲೆ ಬೆಸ್ತರ ಮಕ್ಕಳ ಕೈಕಾಲುಗಳು ಸ್ವಾಧೀನ ತಪ್ಪಿದವು. 1956ರಲ್ಲಿ ರೋಗವೆಂದು ಗುರುತಾದ ಈ ದುರಂತದ ಕಾರಣವನ್ನು ಜಪಾನ್ ಸರ್ಕಾರ ಅಧಿಕೃತವಾಗಿ ಒಪ್ಪಿಕೊಂಡದ್ದು 1968ರಲ್ಲಿ. ಆ ಹನ್ನೆರಡು ವರ್ಷವೂ ಜನ ಅದೇ ಕೊಲ್ಲಿಯ ಮೀನನ್ನು ತಿಂದರು. ಲಕ್ಷಣಗಳೇ ಹೆಚ್ಚಾಗಿ ಕಾಣದ ತಾಯಂದಿರ ಹೊಟ್ಟೆಯಲ್ಲಿ ಮೆದುಳು ಬೆಳೆಯದ ಮಕ್ಕಳು ಹುಟ್ಟಿದರು. ತಾಯಿಯ ಮೈಯ ವಿಷ ಗರ್ಭದ ಶಿಶುವಿಗೆ ಇಳಿಯುತ್ತದೆ ಎಂಬ ಕಹಿ ಸತ್ಯ ಹೀಗೆ ತಿಳಿಯಿತು.

ಕೃಷಿಗೂ ಈ ಪಾಪದಲ್ಲಿ ಪಾಲಿದೆ ಎಂಬುದನ್ನು ಕೃಷಿವಿಜ್ಞಾನದ ವಿದ್ಯಾರ್ಥಿಯಾಗಿ ನಾನು ಒಪ್ಪಿಕೊಳ್ಳಲೇಬೇಕು. ಬಿತ್ತನೆ ಬೀಜಕ್ಕೆ ಬೂಷ್ಟು ಹಿಡಿಯದಿರಲೆಂದು ಪಾದರಸಯುಕ್ತ ಪುಡಿಗಳನ್ನು ಸವರುವ ಪದ್ಧತಿ ದಶಕಗಳ ಕಾಲ ನಡೆಯಿತು. ಇರಾಕಿನಲ್ಲಿ 1971-72ರಲ್ಲಿ ಹಾಗೆ ಉಪಚರಿಸಿದ ಬಿತ್ತನೆ ಗೋಧಿಯನ್ನು ಹಸಿದ ಜನ ರೊಟ್ಟಿ ಮಾಡಿ ತಿಂದು 6,530 ಮಂದಿ ಆಸ್ಪತ್ರೆ ಸೇರಿದರು, 459 ಮಂದಿ ಅಲ್ಲಿಯೇ ಸತ್ತರು. ನಮ್ಮ ದೇಶದಲ್ಲಿ ಕಬ್ಬಿನ ತುಂಡು ಮತ್ತು ಆಲೂಗೆಡ್ಡೆ ಬೀಜದ ಉಪಚಾರಕ್ಕೆ ಉಳಿದುಕೊಂಡಿದ್ದ ಪಾದರಸದ ಶಿಲೀಂಧ್ರನಾಶಕವನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2018ರಷ್ಟು ತಡವಾಗಿ.

ಇದು ಪರದೇಶದ ಕಥೆಯಷ್ಟೇ ಅಲ್ಲ. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಬಳಿಯ ಕಡಲಿನಲ್ಲಿ ಪಾದರಸದ ಸಮಸ್ಯೆಯನ್ನು ಕುರಿತು ಮೀನುಗಾರಿಕಾ ವಿಜ್ಞಾನಿಗಳು 1990ರಲ್ಲಿಯೇ ಬರೆದಿದ್ದರು. ಬೆಟ್ಟದ ಊರಾದ ಕೊಡೈಕೆನಾಲಿನಲ್ಲಿ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಆದರೆ ಅದಾದ ಮೇಲೆಯೂ ಅಲ್ಲಿನ ಸರೋವರದ ಕೆಸರಿನಲ್ಲಿ, ಮೀನಿನಲ್ಲಿ ಪಾದರಸ ಪತ್ತೆಯಾಯಿತು. ಕಾರ್ಖಾನೆಗೆ ಬೀಗ ಬಿದ್ದ ಮಾತ್ರಕ್ಕೆ ಕೆರೆಯ ನೆನಪು ಅಳಿಸಿಹೋಗುವುದಿಲ್ಲ.

ಹಾಗಾದರೆ ಮೀನು ತಿನ್ನುವುದನ್ನೇ ಬಿಡಬೇಕೇ? ಖಂಡಿತ ಬೇಡ. ಬಡವರ ಮನೆಯ ಮಕ್ಕಳಿಗೆ ಮೀನಿನಷ್ಟು ಒಳ್ಳೆಯ ಪೌಷ್ಟಿಕ ಆಹಾರ ಸುಲಭವಾಗಿ ಸಿಗದು. ಪ್ರಶ್ನೆ ಇರುವುದು ಯಾವ ಮೀನು, ಎಷ್ಟು, ಯಾರು ತಿನ್ನಬೇಕು ಎಂಬುದರಲ್ಲಿ. ಆಹಾರದ ವಿಷಾಂಶಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ತಜ್ಞ ಸಮಿತಿ 2003ರಲ್ಲಿ ನಿಗದಿಪಡಿಸಿದ ಮಿತಿಯ ಪ್ರಕಾರ ಮೀಥೈಲ್ ಪಾದರಸವು ವಾರಕ್ಕೆ ದೇಹತೂಕದ ಪ್ರತಿ ಕಿಲೋಗೆ 1.6 ಮೈಕ್ರೋಗ್ರಾಂ ಮೀರಬಾರದು. ಐವತ್ತು ಕಿಲೋ ತೂಕದ ಹೆಣ್ಣುಮಗಳಿಗೆ ಇದು 80 ಮೈಕ್ರೋಗ್ರಾಂ. ಅಮೆರಿಕದ ಸರ್ಕಾರಿ ಅಳತೆಗಳಲ್ಲಿ ಶಾರ್ಕ್ ಮೀನಿನ ಒಂದು ಕಿಲೋದಲ್ಲಿ ಸರಾಸರಿ ಹತ್ತಿರ ಹತ್ತಿರ ಒಂದು ಮಿಲಿಗ್ರಾಂ ಪಾದರಸವಿದ್ದರೆ, ಭೂತಾಯಿಯ ಜಾತಿಯ ಸಣ್ಣ ಮೀನಿನಲ್ಲಿ ಅದರ ಎಪ್ಪತ್ತನೆಯ ಒಂದು ಪಾಲೂ ಇರಲಿಲ್ಲ. ಅಂದರೆ ಅಂಥ ಶಾರ್ಕಿನ 80 ಗ್ರಾಂ ತುಂಡೊಂದೇ ಆ ತಾಯಿಯ ಇಡೀ ವಾರದ ಮಿತಿಯನ್ನು ಮುಟ್ಟಿಸುತ್ತದೆ. ಭೂತಾಯಿಯನ್ನಾದರೋ ಆಕೆ ವಾರದಲ್ಲಿ ಮೂರು ದಿನ ಉಂಡರೂ ಮಿತಿಯೊಳಗೇ ಇರುತ್ತಾಳೆ. ಅಗ್ಗದ ಮೀನೇ ಇಲ್ಲಿ ಆರೋಗ್ಯದ ಮೀನು.

ಆದುದರಿಂದ ಬಸುರಿಯರು, ಬಾಣಂತಿಯರು, ಮುಂದೆ ತಾಯಿಯಾಗಲಿರುವವರು ಮತ್ತು ಎಳೆಯ ಮಕ್ಕಳು ಕರಾವಳಿಯವರು ತಾಟೆ ಎನ್ನುವ ಶಾರ್ಕನ್ನು ಮುಟ್ಟದಿರುವುದು ಲೇಸು. ಭಾರಿ ಗಾತ್ರದ ಅಂಜಲ್ ಮತ್ತು ಟ್ಯೂನಾಗಳನ್ನು ಅಪರೂಪಕ್ಕೆ ಇಟ್ಟುಕೊಳ್ಳಲಿ. ಭೂತಾಯಿ, ಬಂಗುಡೆಗಳನ್ನು ನಿಶ್ಚಿಂತೆಯಿಂದ ಉಣ್ಣಲಿ. ಕೆರೆಮೀನಿನಲ್ಲಿಯೂ ಇದೇ ವಿವೇಕ ಬೇಕು. ಕಾಟ್ಲಾ, ರೋಹುಗಳು ಗಾತ್ರದಲ್ಲಿ ದೊಡ್ಡವಾದರೂ ಪಾಚಿ ಮತ್ತು ಸೂಕ್ಷ್ಮ ಜೀವಿಗಳನ್ನು ತಿಂದು ಬೆಳೆಯುವಂಥವು, ಸರಪಳಿಯ ಕೆಳಮೆಟ್ಟಿಲಿನವು. ಕೊರವ, ಬಾಳೆಮೀನುಗಳು ಇತರ ಮೀನನ್ನು ಬೇಟೆಯಾಡುವಂಥವು. ಕಸಾಯಿಖಾನೆಯ ತ್ಯಾಜ್ಯವನ್ನೂ ಬಿಡದೆ ತಿನ್ನುವ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿದೆ. ಅದನ್ನು ಸಂತೆಯಲ್ಲಿ ಕಂಡರೆ ಕೊಳ್ಳದಿರುವುದು ನಮ್ಮ ಕೈಯಲ್ಲೇ ಇದೆ.

ಇನ್ನು ಗಣಿಯ ಮಾತು. ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲಿನಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ತೆಗೆದಾಗ ಮಳೆಯೊಡನೆ ಇಳಿದ ಕೆಮ್ಮಣ್ಣು ಹಳ್ಳ ಕೆರೆಗಳನ್ನು ತುಂಬಿತು. ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಗಣಿಗಾರಿಕೆಯನ್ನು ತಡೆದು, 2013ರಲ್ಲಿ ಷರತ್ತುಗಳೊಡನೆ ಕೆಲವು ಗಣಿಗಳಿಗೆ ಮಾತ್ರ ದಾರಿ ಬಿಟ್ಟಿತು. ಇಲ್ಲಿ ಹೋರಾಟಗಾರರಾದ ನಾವು ವಿಜ್ಞಾನಕ್ಕೆ ನಿಷ್ಠರಾಗಿರಬೇಕು. ನೀರು ಕೆಂಪಾದುದೆಲ್ಲ ಪಾದರಸದ ಗುರುತಲ್ಲ. ಕಬ್ಬಿಣ, ಮ್ಯಾಂಗನೀಸ್‌ಗಳು ಪಾದರಸದಂತೆ ಮೀನಿನಿಂದ ಮೀನಿಗೆ ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಕೆರೆಯ ಕೆಸರಿಗೆ ಬರುವುದು ಗಣಿಯ ಮಣ್ಣೊಂದೇ ಅಲ್ಲ. ಪೇಟೆಯ ಚರಂಡಿ, ಹಳೆಯ ಬ್ಯಾಟರಿ, ಒಡೆದ ಟ್ಯೂಬ್‌ಲೈಟು, ಗಣಪನ ಮೈಯ ರಾಸಾಯನಿಕ ಬಣ್ಣ, ರಂಜಕ ಗೊಬ್ಬರದೊಡನೆ ಬರುವ ಕ್ಯಾಡ್ಮಿಯಂ ಎಲ್ಲವೂ ಅಲ್ಲಿಗೇ ಸೇರುತ್ತವೆ. ಸೀಸ ಮೀನಿನ ಮೂಳೆಯಲ್ಲಿ, ಕ್ಯಾಡ್ಮಿಯಂ ಅದರ ಪಿತ್ತಜನಕಾಂಗ ಮತ್ತು ಮೂತ್ರಪಿಂಡಗಳಲ್ಲಿ ನೆಲೆಸುತ್ತವೆ. ಕೆರೆಮೀನಿನ ಕರುಳು-ಈಲಿಗಳನ್ನು ಎಸೆದು ಅಡುಗೆ ಮಾಡಬೇಕೆನ್ನಲು ಇದೂ ಒಂದು ಕಾರಣ.

ಮೀನು ಮುಟ್ಟದ ಮನೆಗಳು ನಮ್ಮ ಸೀಮೆಯಲ್ಲಿ ಬಹಳವಿವೆ. ಅವರಿಗೂ ಇದು ಸಂಬಂಧವಿಲ್ಲದ ಮಾತಲ್ಲ. ಬೇಸಗೆಯಲ್ಲಿ ಬತ್ತಿದ ಕೆರೆಯ ಗೋಡನ್ನು ಗಾಡಿ, ಟ್ರಾಕ್ಟರುಗಳಲ್ಲಿ ಹೇರಿ ತೆಂಗಿನ ತೋಟಕ್ಕೆ ಹೊಡೆಸುವವರು ನಾವೇ. ಅದೇ ತೋಟದ ಬದಿಯಲ್ಲಿ ಸೊಪ್ಪು ತರಕಾರಿ ಬೆಳೆದಾಗ ಮಣ್ಣಿನ ಕ್ಯಾಡ್ಮಿಯಂ ಎಲೆಗೆ ಏರುತ್ತದೆ. ಕೆರೆಯ ಆರೋಗ್ಯ ಕೆಟ್ಟರೆ ಮಾಂಸಾಹಾರಿ, ಸಸ್ಯಾಹಾರಿ ಎಂಬ ಭೇದ ಉಳಿಯುವುದಿಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಕೆರೆಯ ಮೀನುಪಾಶುವಾರು ಹರಾಜಿಗೆ ಮುನ್ನ ಅದರ ಗೋಡನ್ನೂ, ಅಲ್ಲಿನ ಅತಿ ದೊಡ್ಡ ಬೇಟೆಗಾರ ಮೀನನ್ನೂ ಪ್ರಯೋಗಾಲಯಕ್ಕೆ ಕಳುಹಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ನೀರನ್ನು ಮಾತ್ರ ಪರೀಕ್ಷಿಸಿದರೆ ಸಾಲದು, ವಿಷ ಕೂಡಿರುವುದು ನೀರಿನಲ್ಲಲ್ಲ. ಇದಕ್ಕೆ ಹಣವಿಲ್ಲವೆನ್ನುವಂತಿಲ್ಲ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದೇ ಸುಪ್ರೀಂ ಕೋರ್ಟ್ ಆದೇಶದಂತೆ ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿಗಳ ನಿಧಿ ಇದೆ. 2022ರಲ್ಲಿ ಅದರ ಬಳಕೆಗೆ ನಿವೃತ್ತ ನ್ಯಾಯಮೂರ್ತಿಯೊಬ್ಬರ ಮೇಲುಸ್ತುವಾರಿಯೂ ನೇಮಕವಾಯಿತು. ರಸ್ತೆ, ಕಟ್ಟಡಗಳಿಗೆ ಹರಿಯುವ ಆ ಹಣದಲ್ಲಿ ಒಂದು ಚಿಟಿಕೆ ಕೆರೆಯ ಪರೀಕ್ಷೆಗೂ ಸಲ್ಲಲಿ. ಅಂಗನವಾಡಿಗಳಲ್ಲಿ ಬಸುರಿಯರಿಗೆ ಯಾವ ಮೀನು ಹಿತ, ಯಾವುದು ಅಹಿತವೆಂಬ ತಿಳಿವಳಿಕೆಯೂ ದೊರೆಯಲಿ.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ನಿಮ್ಮ ಊರಿನ ಕೆರೆಯ ಏರಿಯ ಮೇಲೆ ಒಮ್ಮೆ ಸುತ್ತಿ ಬನ್ನಿ. ಎಲ್ಲೆಲ್ಲಿಂದ ಯಾವ ಯಾವ ನೀರು ಒಳಗೆ ಬರುತ್ತಿದೆ ಎಂಬುದರ ನಕ್ಷೆಯೊಂದನ್ನು ಬರೆದು ಗ್ರಾಮಸಭೆಯ ಮುಂದಿಡಿ. ಸರ್ಕಾರ ಕಾರಣವನ್ನು ಒಪ್ಪಿಕೊಳ್ಳಲು ಮಿನಮಾಟಾದ ಜನ ಹನ್ನೆರಡು ವರ್ಷ ಕಾದರು. ಕಾರಣ ಗೊತ್ತಿದ್ದೂ ಕಾಯುವ ನಮ್ಮನ್ನು ಮುಂದಿನ ಮಕ್ಕಳು ಕ್ಷಮಿಸಲಾರರು.