‘ನಿಮ್ಮ ಬೆಡಗ ಯಾವುದ್ರೀ?’

ಮಿರಜದಿಂದ ಜತ್ತದವರೆಗಿನ ಸೀಮೆಯ ಕನ್ನಡ ಮನೆಗಳಲ್ಲಿ ಹೆಣ್ಣು ನೋಡಲು ಬಂದವರ ಕೈಗೆ ಚಹಾ ಕೊಡುವ ಮುನ್ನವೇ ಹಿರಿಯರು ಕೇಳುತ್ತಿದ್ದ ಪ್ರಶ್ನೆ ಹೊಲವೆಷ್ಟೆಂದಲ್ಲ, ‘ನಿಮ್ಮ ಬೆಡಗ ಯಾವುದ್ರೀ?’ ಎಂಬುದು, ಉತ್ತರವು ತಮ್ಮದೇ ಬೆಡಗಾಗಿ ಬಂದೊಡನೆ ಬೀಗರಾಗಲಿದ್ದವರು ಅಣ್ಣತಮ್ಮಂದಿರಾಗುತ್ತಿದ್ದರು, ಮಾತು ಮದುವೆಯಿಂದ ಮಳೆಬೆಳೆಗೆ ಹೊರಳುತ್ತಿತ್ತು.

ಸೊಬಗು, ಒಗಟು ಎಂಬರ್ಥಗಳಲ್ಲಿ ನಾವೆಲ್ಲ ಬಲ್ಲ ‘ಬೆಡಗು’ ಇಲ್ಲಿ ಕುಲದ ಒಳವಿಭಾಗದ ಹೆಸರು. ಐರ್ಲೆಂಡಿನವರು ಕುಲಕ್ಕೆ ‘ಕ್ಲಾನ್’ ಎಂದರು. ಅದರ ಮೂಲಾರ್ಥ ಸಂತಾನ, ಅದಕ್ಕೂ ಹಿಂದೆ ಸಸಿಯೆಂಬರ್ಥದ ಲ್ಯಾಟಿನ್ ‘ಪ್ಲಾಂಟ’. ಆದಿಯ ಐರಿಷಿನಲ್ಲಿ ಪಕಾರವೇ ಇರದ ಕಾರಣ ಎರವಲು ಪದದ ಪಕಾರವು ಕಕಾರವಾಯಿತು. ಹಳಗನ್ನಡದ ಪಾಲು ಹಾಲಾದ ನಾಡಿನವರಿಗೆ ಇದು ಸೋಜಿಗವಲ್ಲ. ಸಂಸ್ಕೃತದ ‘ವಂಶ’ವೆಂದರೆ ಬಿದಿರು, ನಾವಾದರೋ ಕರುಳಬಳ್ಳಿ, ಮನೆತನದ ಕುಡಿ ಎನ್ನುತ್ತೇವೆ, ನೆರೆಯ ಮರಾಠರು ಮದುವೆಯಲ್ಲಿ ಪೂಜಿಸುವ ಕುಲಚಿಹ್ನೆ ‘ದೇವಕ’ವೂ ಬಹುಮಟ್ಟಿಗೆ ಒಂದು ಮರದ ಟೊಂಗೆಯೇ. ಇನ್ನು ನಮ್ಮ ಬೆಡಗುಗಳಿಗೆ ಬಂದರೆ, ಕುರುಬರಲ್ಲಿ ಮದುವೆಯ ಕಂಕಣವನ್ನು ಉಣ್ಣೆಯ ಎಳೆಯಿಂದ ಕಟ್ಟುವವರು ಉಣ್ಣೆಕಂಕಣದವರು, ನೂಲಿನಿಂದ ಕಟ್ಟುವವರು ಹತ್ತಿಕಂಕಣದವರು; ಅವರೊಳಗೆ ಆನೆ, ಬೆಳ್ಳಿ, ಅರಿಶಿನ, ಜೀರಿಗೆ ಮೊದಲಾದ ಬೆಡಗುಗಳು.

ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವ ಕನ್ನಡಿಗರ ರೂಢಿಯನ್ನು ಕಂಡು, ಸೋದರಮಾವನ ಮಗಳನ್ನು ಒಪ್ಪಿಯೂ ಅಕ್ಕನ ಮಗಳನ್ನು ಒಲ್ಲದ ಮರಾಠಿ ನೆರೆಯವರು ಬೆರಗಾಗುವರು. ಬೆಡಗಿನ ಲೆಕ್ಕವನ್ನರಿತರೆ ಬೆರಗಿಲ್ಲ: ಲಗ್ನವಾದಂದೇ ಅಕ್ಕ ಗಂಡನ ಬೆಡಗಿಗೆ ಸಂದಳು, ಮಗಳು ತಂದೆಯ ಬೆಡಗಿನಲ್ಲಿ ಹುಟ್ಟಿದಳು, ಆದಕಾರಣ ಅವಳು ಮಾವನಿಗೆ ಪರಬೆಡಗಿನವಳು. ಆ ವಿವಾಹಪದ್ಧತಿ ಮುಂದುವರಿಯಲೆಂದು ನಾನು ಹೇಳುತ್ತಿಲ್ಲ, ವೈದ್ಯರು ಬೇಡವೆನ್ನುವುದು ಸರಿಯೇ. ಆದರೆ ಒಂದು ಜನಾಂಗದ ಬಂಧುತ್ವವೆಲ್ಲ ನಾಲ್ಕು ಅಕ್ಷರದಷ್ಟೂ ಇಲ್ಲದ ಒಂದು ಮಾತಿನಲ್ಲಿ ಅಡಗಿತ್ತೆಂಬುದನ್ನು ಮರೆಯಬಾರದು.

ಶಿಲಾಹಾರರ ಕಾಲದಲ್ಲಿ ಮಿರಿಂಜೆಯೆನಿಸಿದ್ದ ಮಿರಜದ ಸುತ್ತಿನಲ್ಲಿ, 1960ರಿಂದ ಸಾಂಗಲಿ ಜಿಲ್ಲೆಯೆನಿಸಿದ ಈ ನೆಲದಲ್ಲಿ, ಇಂದು ಶಾಲೆಯ ದಾಖಲೆ ಕೇಳುವುದು ‘ಆಡನಾವ’ವನ್ನು, ಎಂದರೆ ಅಡ್ಡಹೆಸರನ್ನು. ಅಡ್ಡಹೆಸರು ಊರನ್ನೋ ಉದ್ಯೋಗವನ್ನೋ ಹೇಳೀತು, ಬೆಡಗನ್ನು ಹೇಳದು. ಪಾಟೀಲನೆಂದರೆ ಯಾವ ಬೆಡಗೆಂದು ತಿಳಿಯುವುದೆಂತು? ಜಾತಿಯ ಹಮ್ಮಿಗಾಗಲಿ, ಪ್ರೀತಿಸಿದವರ ನಡುವೆ ಬೇಲಿ ಹಾಕುವುದಕ್ಕಾಗಲಿ ಈ ಮಾತು ಬೇಡ. ನುಡಿಯ ಸಲುವಾಗಿ ಬೇಕು. ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳ ಗುರುಗಳು ಮಕ್ಕಳ ಕೈಗೊಂದು ವಹಿ ಕೊಟ್ಟು, ಮನೆಯ ಅಜ್ಜಿಯನ್ನು ಕೇಳಿ ತಂದೆಯ ಬೆಡಗು, ತಾಯಿ ಹುಟ್ಟಿದ ಬೆಡಗು, ಅಜ್ಜಿ ತಾನು ಬಿಟ್ಟುಬಂದ ಬೆಡಗು, ಈ ಮೂರನ್ನೂ ಬರೆದು ತರಹೇಳಲಿ, ಅಜ್ಜಿ ಇರುವಾಗಲೇ.