ಹೆಗ್ಗಣಕ್ಕೆ ಪಾಷಾಣವೇ ಮದ್ದೆ?

ಮಧುರೆಯ ಸುತ್ತಮುತ್ತ ಹಿತ್ತಲಿರುವ ಯಾವ ಮನೆಯಲ್ಲಿ ವಿಚಾರಿಸಿದರೂ ಹೆಗ್ಗಣದ ದೂರು ತಪ್ಪದು. ರಾತ್ರಿ ಮಲಗುವಾಗ ಸಮವಾಗಿದ್ದ ನೆಲದಲ್ಲಿ ಬೆಳಿಗ್ಗೆ ಏಳುವ ಹೊತ್ತಿಗೆ ಮೊರದಷ್ಟು ಹೊಸ ಮಣ್ಣು ಗುಡ್ಡೆ ಬಿದ್ದಿರುತ್ತದೆ. ತೆಂಗಿನ ಸಸಿ ಬುಡ ಸಡಿಲಗೊಂಡು ಓಲಾಡುತ್ತದೆ. ಗೆಣಸಿನ ಪಾತಿಯಲ್ಲಿ ಬಳ್ಳಿ ಉಳಿದು ಗೆಡ್ಡೆ ಮಾಯವಾಗಿರುತ್ತದೆ. ಕಾಲುವೆಗೆ ಬಿಟ್ಟ ನೀರು ಬದುವಿನ ಗುದ್ದು ಹಿಡಿದು ಪಕ್ಕದವರ ಹೊಲಕ್ಕೆ ಹರಿಯುತ್ತದೆ. ಅದರ ಹಿಂದೆಯೇ ಜಗಳವೂ ಹರಿಯುತ್ತದೆ. ಇದು ಕಾಡಿಗೆ ಸೇರಿದ ಮೃಗವಲ್ಲ, ಸಾಕಿದ ಪ್ರಾಣಿಯೂ ಅಲ್ಲ. ಯಾರ ಅಪ್ಪಣೆಯನ್ನೂ ಕೇಳದೆ ನಮ್ಮೊಡನೆ ಬಾಳುತ್ತಿರುವ ಜೀವ.

ಇದಕ್ಕೆ ನಮ್ಮವರು ಕಂಡುಕೊಂಡಿರುವ ಪರಿಹಾರ ಒಂದೇ: ಅಂಗಡಿಯಿಂದ ಪಾಷಾಣದ ಪೊಟ್ಟಣ ತಂದು, ತಿಂಡಿಯಲ್ಲಿ ಕಲಸಿ, ಗುದ್ದಿನ ಬಾಯಲ್ಲಿಡುವುದು. ಈ ಪದ್ಧತಿ ಹಿತ್ತಲಿಗೆ ತಕ್ಕುದಲ್ಲವೆಂಬುದು ನನ್ನ ಅಭಿಪ್ರಾಯ. ದಯೆಯಿಂದ ಈ ಮಾತು ಆಡುತ್ತಿದ್ದೇನೆಂದು ವಾಚಕರು ಭಾವಿಸಬಾರದು. ಗಣಪತಿಯ ವಾಹನವೆಂದು ಚೌತಿಯ ದಿನ ಮೂಷಿಕನಿಗೆ ಕೈಮುಗಿದು ಮರುದಿನ ವಿಷವಿಡುವವರಲ್ಲಿ ನಮ್ಮ ಮನೆಯವರೂ ಸೇರಿದ್ದಾರೆ.

ಜನರ ದ್ವೇಷ ನಿರಾಧಾರವೇನಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಲಿ ಸತ್ತು ಬಿದ್ದ ಮನೆಯನ್ನು ಬಿಟ್ಟು ಓಡಬೇಕಾಯಿತು. ಪ್ಲೇಗಿನ ಕಾಲದಲ್ಲಿ ಹಳ್ಳಿಗರು ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಇಂದಿಗೂ ಇಲಿಜ್ವರವೆಂಬುದು ಇದೆ; ಇಲಿ-ಹೆಗ್ಗಣಗಳ ಮೂತ್ರ ಬೆರೆತ ಕೆಸರಿನಲ್ಲಿ ಬರಿಗಾಲಲ್ಲಿ ನಡೆದರೆ ಕಾಲಿನ ಗಾಯದ ಮೂಲಕ ಅದು ಮೈಗೆ ಹತ್ತುತ್ತದೆ. ಆದುದರಿಂದ ಹೆಗ್ಗಣ ಕಡಮೆಯಾಗಲೇಬೇಕು. ಹೇಗೆ ಎಂಬುದಷ್ಟೇ ಪ್ರಶ್ನೆ.

ಮೊದಲು ಎದುರಾಳಿಯ ಮನೆಯನ್ನು ನೋಡೋಣ. ಗುದ್ದೆಂದರೆ ಒಂದು ತೂತಲ್ಲ. ಒಳಗೆ ಕವಲೊಡೆದ ಓಣಿಗಳು, ಮರಿ ಹಾಕುವ ಗೂಡು, ಕಾಳು ತುಂಬಿಡುವ ಉಗ್ರಾಣ, ಹಲವು ಬಾಯಿಗಳು. ಒಳಗೆ ಸೇರಿದ ಮೇಲೆ ಬಾಯಿಗೆ ಮಣ್ಣು ತುರುಕಿ ಮುಚ್ಚಿಕೊಳ್ಳುವುದೂ ಉಂಟು. ನಮ್ಮ ಹಿರಿಯರು ಹಗೇವು ತೋಡಿ ವರುಷಗಟ್ಟಲೆ ರಾಗಿ ಕೂಡಿಟ್ಟಂತೆಯೇ ಇದರ ಸಂಸಾರ! ತಮಿಳುನಾಡಿನ ಇರುಳರು ಕೊಯ್ಲಾದ ಗದ್ದೆಗಳಲ್ಲಿ ಇಂಥ ಬಿಲಗಳನ್ನು ಅಗೆದು, ಇಲಿಯ ಜತೆಗೆ ಅದು ಕೂಡಿಟ್ಟ ಭತ್ತವನ್ನೂ ತೆಗೆದುಕೊಳ್ಳುವುದುಂಟು. ಒಂದು ಸೂಲಿಗೆ ಏಳೆಂಟು ಮರಿ, ಬಸಿರು ಮೂರು ವಾರದ ಮಾತು. ಒಂದು ಬಾಯಿಗೆ ಕಲ್ಲು ತುರುಕಿ ಗೆದ್ದೆವೆಂದುಕೊಳ್ಳುವವರು ಈ ಲೆಕ್ಕವನ್ನು ಮರೆಯಬಾರದು.

ಇನ್ನು ಪಾಷಾಣ. ಹೆಚ್ಚು ಬಳಕೆಯಲ್ಲಿರುವ ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿ ಹೊಟ್ಟೆಯ ಆಮ್ಲಕ್ಕೆ ಸಿಕ್ಕೊಡನೆ ವಿಷಾನಿಲವಾಗುತ್ತದೆ. ಅದಕ್ಕೆ ಪ್ರತಿವಿಷವಿಲ್ಲ, ತಿಂದದ್ದು ಹೆಗ್ಗಣವೋ, ಕರುವೋ, ಅಂಬೆಗಾಲಿಡುವ ಮಗುವೋ, ಅದು ನೋಡುವುದಿಲ್ಲ. ಸ್ವಲ್ಪ ತಿಂದು ಬದುಕುಳಿದ ಹೆಗ್ಗಣವಾದರೋ ಆ ತಿಂಡಿಯನ್ನು ಮತ್ತೆ ಮೂಸುವುದಿಲ್ಲ. ಅಂದರೆ ಎರಡನೆಯ ಸಲ ಇಟ್ಟ ವಿಷ ಅದನ್ನು ಬಿಟ್ಟು ಉಳಿದೆಲ್ಲರಿಗೂ ಕಾದಿರುತ್ತದೆ. ನಮ್ಮ ಬೀದಿಯಲ್ಲಿ ಹೀಗೆ ಸತ್ತದ್ದು ಒಂದು ನಾಯಿ. ಹೆಗ್ಗಣ ಮರುದಿನವೂ ಮಣ್ಣು ತೋಡಿತ್ತು. ಬ್ರೊಮಾಡಿಯೊಲೋನ್ ಎಂಬ ಇನ್ನೊಂದು ಮದ್ದು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳಲ್ಲಿ ಕೊಲ್ಲುತ್ತದೆ. ಆ ದಿನಗಳಲ್ಲಿ ಮಂಕಾಗಿ ಹೊರಗೆ ತಿರುಗುವ ಹೆಗ್ಗಣವನ್ನು ತಿಂದ ಗೂಬೆಗೂ ಬೆಕ್ಕಿಗೂ ಅದೇ ಗತಿಯಾಗಬಹುದು.

ಗೂಬೆಯ ಮಾತು ಬಂದದ್ದು ಒಳ್ಳೆಯದಾಯಿತು. ಹಳೆಯ ಗುಡಿಗಳಲ್ಲೂ ಪಾಳುಮನೆಗಳಲ್ಲೂ ಗೂಡು ಮಾಡುವ ಕಣಜ ಗೂಬೆಯ ಮುಖ್ಯ ಆಹಾರವೇ ಇಲಿ-ಹೆಗ್ಗಣಗಳ ಕುಲ. ಅರಗದ ಮೂಳೆ-ಕೂದಲುಗಳನ್ನು ಅದು ಉಂಡೆಮಾಡಿ ಉಗುಳುತ್ತದೆ. ಆ ಉಂಡೆ ಬಿಡಿಸಿದರೆ ಅದರ ಊಟದ ಲೆಕ್ಕವೆಲ್ಲ ಸಿಕ್ಕುತ್ತದೆ. ಮಲೇಷಿಯದ ತಾಳೆ ತೋಟಗಳಲ್ಲಿ, ಇಸ್ರೇಲಿನ ಹೊಲಗಳಲ್ಲಿ, ಮರದ ಪೆಟ್ಟಿಗೆಗಳನ್ನು ಕಂಬಕ್ಕೆ ಕಟ್ಟಿ ಈ ಹಕ್ಕಿಯನ್ನು ಬರಮಾಡಿಕೊಳ್ಳುತ್ತಾರೆ. ನಾವೋ, ಗೂಬೆ ಕೂತ ಮನೆ ಹಾಳೆಂದು ಕಲ್ಲು ಬೀರುತ್ತೇವೆ! ಕೇರೆಹಾವಿನ ಕತೆಯೂ ಇಷ್ಟೇ. ವಿಷವಿಲ್ಲದ, ಗುದ್ದಿನೊಳಕ್ಕೇ ನುಗ್ಗಿ ಇಲಿ ಹಿಡಿಯಬಲ್ಲ ಹಾವು ಅದು. ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆಂಬ ಸುಳ್ಳು ಅಪವಾದ ಹೊರಿಸಿ ಬಡಿಯುತ್ತೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಕೊಲ್ಲುವುದು ಅಪರಾಧ. ಸಂಬಳವಿಲ್ಲದ ಕಾವಲುಗಾರರನ್ನು ಕೊಂದು, ದುಡ್ಡು ಕೊಟ್ಟು ವಿಷ ತರುವ ಈ ವ್ಯವಹಾರ ನನಗಂತೂ ಅರ್ಥವಾಗದು.

“ಏನಪ್ಪಾ, ಬಿ.ಎ. ಓದ್ತಾ ಇದ್ದೀಯ, ಹೆಗ್ಗಣ ಓಡ್ಸೋದು ನಿನ್ನ ಪುಸ್ತಕದಾಗೆ ಬರ್ದಿಲ್ವಾ?” ಎಂದು ನಮ್ಮ ದೊಡ್ಡಪ್ಪನವರು ಒಮ್ಮೆ ಹಾಸ್ಯ ಮಾಡಿದರು. ಬರೆದಿಲ್ಲ ನಿಜ, ಆದರೆ ಬರೆದವರು ಇದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಇಲಿ-ಹೆಗ್ಗಣಗಳ ಮೇಲೆ ಸಂಶೋಧನೆಯೇ ನಡೆದಿದೆ. ಕೃಷಿ ತಜ್ಞರು ಒತ್ತಿ ಹೇಳುವ ಮಾತೆಂದರೆ, ಒಬ್ಬನ ಹಿತ್ತಲಿನಲ್ಲಿ ಮಾಡಿದ ಕೆಲಸ ನಿಲ್ಲದು. ಖಾಲಿಯಾದ ಗುದ್ದಿಗೆ ನೆರೆಯ ಹೆಗ್ಗಣ ಬಂದು ಸೇರುತ್ತದೆ. ಬಿತ್ತನೆಗೆ ಮುಂಚೆ, ಹೊಲದಲ್ಲಿ ಮೇವಿಲ್ಲದ ಬೇಸಿಗೆಯಲ್ಲಿ, ಊರವರೆಲ್ಲ ಒಟ್ಟಿಗೆ ಕೈಹಾಕಬೇಕು. ಸಂಜೆ ಗುದ್ದುಗಳನ್ನೆಲ್ಲ ಮುಚ್ಚಿ, ಬೆಳಿಗ್ಗೆ ಮತ್ತೆ ತೆರೆದವನ್ನು ಮಾತ್ರ ಅಗೆಯಬೇಕು, ಬೋನಿಡಬೇಕು, ಸೌದೆಯ ರಾಶಿಯನ್ನು ನೆಲದಿಂದ ಎತ್ತರಿಸಿ, ಹುಲ್ಲಿನ ಮೆದೆಯ ಸುತ್ತ ಚೊಕ್ಕಟ ಮಾಡಬೇಕು, ಬದುಗಳನ್ನು ಅನಾವಶ್ಯಕವಾಗಿ ದಪ್ಪ ಬಿಡಬಾರದು. ಇಷ್ಟೂ ಆದ ಮೇಲೆ ಬಯಲ ಹೊಲಕ್ಕೆ ಮದ್ದು ಬೇಕೇ ಬೇಕೆಂದಾದರೆ ಕೃಷಿ ಇಲಾಖೆಯವರು ನಿಂತು ಇಡಿಸಲಿ. ಮಕ್ಕಳಾಡುವ ಹಿತ್ತಲಿಗೆ ಅದು ಬೇಡ.

ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯವರು ಶಿಬಿರ ಹೂಡಿ ರಸ್ತೆ ಗುಡಿಸಿ ಬರುವುದು ವಾಡಿಕೆ. ಗುಡಿಸಿದ ರಸ್ತೆಗೆ ಮೂರನೆಯ ದಿನ ಕಸ ಬೀಳುತ್ತದೆ. ಮುಂದಿನ ಶಿಬಿರವನ್ನು ಮುಂಗಾರಿಗೆ ಮೊದಲು ಮಧುರೆ ಹೋಬಳಿಯ ಒಂದು ಹಳ್ಳಿಯಲ್ಲಿಟ್ಟು, ಗುದ್ದು ಮುಚ್ಚುವ ಕೆಲಸವನ್ನೂ ನಾಲ್ಕಾರು ಗೂಬೆಪೆಟ್ಟಿಗೆ ಕಟ್ಟುವ ಕೆಲಸವನ್ನೂ ಕೈಗೊಳ್ಳಬೇಕೆಂದು ಅಧ್ಯಾಪಕ ವರ್ಗದವರಲ್ಲಿ ನನ್ನ ವಿನಂತಿ. ಹಾರೆ, ಸಲಿಕೆ ಊರವರೇ ಕೊಡುತ್ತಾರೆ. ಕೈಗವಸು, ಬೂಟುಗಳನ್ನು ಮಾತ್ರ ಕಾಲೇಜು ಒದಗಿಸಬೇಕಾದೀತು.